ಬೇಡ ಅಂದವಳ ಕೊಳದಪ್ಪಲೆ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಎನ್ನುವ ಶಾಸ್ತ್ರ ನಮ್ಮೂರಿನಲ್ಲಿ ಕೆರೆಯ ಕೋಡಿಗಲ್ಲಿನ ತನಕ ಮಾತ್ರ ನಡೆಯುತ್ತದೆ. ಕಲ್ಲು ಹತ್ತಿದ ಮೇಲೆ ಹೇಳಲೇಬೇಕು, ಬೇರೆ ದಾರಿಯಿಲ್ಲ. ಹೊತ್ತು ಇಳಿಯುವಾಗ ಕೆರೆಯ ಮೇಲಿಂದ ಗಾಳಿ ಏಳುತ್ತದೆ. ಆಗ ಕಲ್ಲಿನ ಮೇಲೆ ನಿಂತು ಯಾರ ಹೆಸರು ಹಿಡಿದು ಕರೆಯುತ್ತೇವೋ ಅವರ ಕಿವಿಗೆ, ಅವರೊಬ್ಬರ ಕಿವಿಗೆ ಮಾತ್ರ, ನಮ್ಮ ಮಾತು ಹೋಗಿ ಮುಟ್ಟುತ್ತದೆ. ಹೆಸರು ಹೇಳದಿದ್ದರೆ ಗಾಳಿ ಮಾತನ್ನು ಎತ್ತಿಕೊಳ್ಳುವುದೇ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಲ್ಲು ಹತ್ತಿ "ಗವಿರಂಗಯ್ಯಾ" ಎಂದು ಕೂಗಿದ್ದಕ್ಕೆ ನಮ್ಮತ್ತೆ ಮುಖ ಊದಿಸಿಕೊಂಡು ನನ್ನ ಕೈಯ ನೀರನ್ನೂ ಮುಟ್ಟಿರಲಿಲ್ಲ. ಆಮೇಲಾಮೇಲೆ ಅವರೇ ಸಂಜೆಯಾದರೆ "ಹೋಗೇ, ಅವನನ್ನ ಉಣ್ಣಕ್ಕೆ ಕರಿ" ಎಂದು ನನ್ನನ್ನು ಅಟ್ಟುತ್ತಿದ್ದರು.

ನಮ್ಮವರಿಗೆ ಕಿವಿ ಕೇಳಿಸುವುದಿಲ್ಲ. ತಗ್ಗು ಬಿದ್ದ ಹಿತ್ತಾಳೆ ತಾಮ್ರಗಳನ್ನು ಬಡಿದು ನೆಟ್ಟಗೆ ಮಾಡಿ ಕಲಾಯಿ ಹಾಕುವುದು ಅವರ ಮನೆತನದ ಕಸುಬು. ಆ ಬಡಿತವೇ ಅವರ ಕಿವಿಯನ್ನು ತಿಂದುಹಾಕಿತು. ಪಕ್ಕದಲ್ಲಿ ನಿಂತು ಕಿರುಚಿದರೂ ಅವರಿಗೆ ಗೊತ್ತಾಗದು, ಆದರೆ ಗಾಳಿಯಲ್ಲಿ ಬಂದ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ದಿನವೆಲ್ಲ ಕೈಸನ್ನೆಯಲ್ಲಿ ಸಂಸಾರ ಮಾಡಿ, ಸಂಜೆ ಅಷ್ಟು ಹೊತ್ತು ನಾನು ಬಾಯಿರುವ ಹೆಂಡತಿಯಾಗುತ್ತಿದ್ದೆ. ಹೇಳುತ್ತಿದ್ದುದೇನು ದೊಡ್ಡ ಮಾತಲ್ಲ. ಬೆಂಕಿ ಆರಿಸಿ ಬನ್ನಿ, ಮುದ್ದೆ ಆರಿಹೋಗುತ್ತದೆ, ಎದುರು ಮನೆಯವಳು ಮತ್ತೆ ನಮ್ಮ ಬಾಗಿಲಿಗೇ ಕಸ ಗುಡಿಸಿದ್ದಾಳೆ, ಇಂಥವು. ಕುಲುಮೆಯ ಮುಂದೆ ಅವರು ತಿದಿ ಒತ್ತುವುದನ್ನು ನಿಲ್ಲಿಸಿ, ಕೆರೆಯ ಕಡೆ ತಲೆ ವಾರೆ ಮಾಡಿಕೊಂಡು ಕೂರುತ್ತಿದ್ದರಂತೆ. ಬೀದಿಯವರು ಅದನ್ನು ನೋಡಿ ನನ್ನನ್ನು ರೇಗಿಸುತ್ತಿದ್ದರು. ರೇಗಿಸಲಿ ಬಿಡಿ, ನನಗೆ ಖುಷಿಯೇ ಆಗುತ್ತಿತ್ತು.

ಅದೇ ಗಾಳಿಯಲ್ಲಿ ವ್ಯಾಪಾರವೂ ಆಗುತ್ತಿತ್ತು. ಕಲಾಯಿ ಎನ್ನುವುದು ನೆನಪಿಸಿದರೆ ಮಾತ್ರ ನಡೆಯುವ ಕಸುಬು. ಪಾತ್ರೆಯೊಳಗಿನ ತವರದ ಬಿಳುಪು ದಿನದಿನಕ್ಕೆ ಸವೆಯುತ್ತದೆ, ಒಳಗಿನ ಹಿತ್ತಾಳೆ ಇಣುಕುತ್ತದೆ, ಹುಳಿ ಬಿದ್ದರೆ ಕಿಲುಬು ಏಳುತ್ತದೆ. ಅಡಿಗೆಮನೆಯ ಕತ್ತಲೆಯಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತದೆ? ನಾನು ಕಲ್ಲು ಹತ್ತಿ, ಬೀದಿಯ ಸಾಲು ಹಿಡಿದು ಒಬ್ಬೊಬ್ಬರನ್ನೇ ಕರೆದು ನೆನಪಿಸುತ್ತಿದ್ದೆ. ಬೋರ್ಡು ಬರೆಸದ ನಮ್ಮ ಅಂಗಡಿಗೆ ನನ್ನ ಗಂಟಲೇ ಬೋರ್ಡು.

ಹೀಗಿರುವಾಗ ಪೇಟೆಯ ದೊಡ್ಡ ಜವಳಿ ಅಂಗಡಿಯವರು ಬಾಡಿಗೆ ಗಂಟಲುಗಳನ್ನು ತಂದರು. ಸಂಜೆಯಾದರೆ ಕಟ್ಟುಮಸ್ತಾದ ಗಂಡಾಳುಗಳು ಕಲ್ಲಿನ ಮೇಲೆ ಸಾಲಾಗಿ ನಿಂತು ಊರಿನ ಒಂದು ಹೆಸರನ್ನೂ ಬಿಡದೆ ಕರೆದರು. ತೊಟ್ಟಿಲ ಕೂಸುಗಳನ್ನೂ ಕರೆದರು. "ನಿಮ್ಮ ಮನೆಗೆ ಬೆಂಕಿ ಬಿದ್ದಿದೆ" ಎಂದು ಶುರು ಮಾಡಿ, ಜನ ಎದ್ದುಬಿದ್ದು ಓಡುವಾಗ "ಅಂಥ ಬೆಂಕಿ ಬಣ್ಣದ ಸೀರೆಗಳು ಬಂದಿವೆ" ಎಂದು ಮುಗಿಸಿದರು. ಜನ ಕಿವಿಗೆ ಅರಳೆ ತುರುಕಿಕೊಂಡು ತಿರುಗುವ ಹಾಗಾಯಿತು. ಗಾಳಿಯ ಮಾತಿಗೆ ಅರಳೆ ಏನು ತಡೆ? ಹಾಗಾಗಿ ಕಾಯಿದೆ ಬೇಕೇ ಇತ್ತು, ನಾನು ಸುಳ್ಳು ಹೇಳಲಾರೆ. ಕಾಯಿದೆ ಬಂದ ದಿನ ನಾನೂ ಬೆಲ್ಲ ಹಂಚಿದವಳೇ.

ಕಾಯಿದೆ ಹೇಳಿದ್ದು ಇಷ್ಟು. ಅಂಗಡಿಯವರು ಯಾರನ್ನಾದರೂ ಕರೆಯಬೇಕಾದರೆ ಮುಂಚೆ ಅವರ ಮನೆಗೆ ಹೋಗಿ, ಎದುರು ನಿಂತು, ಅವರ ಬಾಯಿಂದ "ಹೂಂ" ಅನ್ನಿಸಿಕೊಂಡಿರಬೇಕು. ಕರೆಯುವಾಗ ಮೊದಲು ಅಂಗಡಿಯ ಹೆಸರು, ಬೀದಿ, ಗುರುತು ಹೇಳಬೇಕು. ಕೊನೆಗೆ "ಬೇಡ ಅನ್ನಿಸಿದರೆ ಬೇಡ ಅನ್ನಿ" ಎನ್ನಬೇಕು. ಕೇಳಿಸಿಕೊಂಡವರು ನಡುವೆಯೇ ಬೇಡ ಎಂದರೂ ಸರಿ, ಮಾತು ಅಲ್ಲಿಗೇ ಕತ್ತರಿಸಿ ಬೀಳುತ್ತದೆ, ಆ ಬೇಡ ವಾಪಸು ಬಂದು ಕರೆದವರ ಕಿವಿ ಮುಟ್ಟುತ್ತದೆ. ಗಾಳಿಗೆ ಎದುರಾಗಿ ಬರುವ ಮಾತು ಅದೊಂದೇ. ಬೇಡ ಅಂದವರನ್ನು ಮತ್ತೆ ಕರೆದರೆ ಕರೆ ಇಲಾಖೆಯವರು ಗಂಟಲಿಗೆ ತಾಮ್ರದ ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದವರು ಎದುರಿಗೆ ಎಷ್ಟು ಬೇಕಾದರೂ ಮಾತಾಡಬಹುದು, ಜಗಳವನ್ನೂ ಆಡಬಹುದು, ಆದರೆ ಅವರ ದನಿಯನ್ನು ಗಾಳಿ ಮತ್ತೆಂದೂ ಎತ್ತಿಕೊಳ್ಳುವುದಿಲ್ಲ. ವ್ಯಾಪಾರಕ್ಕೂ ಇಲ್ಲ, ಮನೆಮಾತಿಗೂ ಇಲ್ಲ. ಬೇಡ ಎನ್ನುವ ಮಾತೊಂದನ್ನು ಮಾತ್ರ ಮುದ್ರೆಯೂ ತಡೆಯದು, ಅದು ಎಲ್ಲರ ಹಕ್ಕಂತೆ.

ಜವಳಿ ಅಂಗಡಿಯವರಿಗೆ ಇದರಿಂದ ಕೂದಲೂ ಕೊಂಕಲಿಲ್ಲ. ಜನ ಬೇಡ ಎನ್ನುವುದು ಅಂಗಡಿಯ ಹೆಸರಿಗೆ ತಾನೇ? ಅವರು ಅಮಾವಾಸ್ಯೆಗೊಂದು ಹೊಸ ಹೆಸರಿನ ಬೋರ್ಡು ಏರಿಸಿ, ಹೊಸ ಗಂಟಲು ಹಿಡಿದು, ಮನೆಮನೆಗೆ ಆಳು ಕಳಿಸಿ ಮತ್ತೆ ಹೂಂ ಅನ್ನಿಸಿಕೊಂಡು ಬಂದರು. ಸಿಕ್ಕಿಬಿದ್ದವರು ನಾವು. ಹೂವಿನ ಕಾಳಮ್ಮ, ಒಂದು ಮೊಳ ಮಲ್ಲಿಗೆ ಮಾರುವುದಕ್ಕೆ ಇಷ್ಟುದ್ದ ಪುರಾಣ ಹೇಳುವಷ್ಟರಲ್ಲಿ ಹೂವೇ ಬಾಡಿಹೋಗುತ್ತದೆ ಎಂದು ಬೈದು ಕಲ್ಲು ಹತ್ತುವುದನ್ನೇ ಬಿಟ್ಟಳು. ನಾನು ಬಿಡುವ ಹಾಗಿರಲಿಲ್ಲ. ಸೆರಗು ಬಿಗಿದು ಹೂಂ ಕೇಳಲು ಬೀದಿ ಬೀದಿ ಸುತ್ತಿದೆ. ಬೆಳಿಗ್ಗೆ ಹೋದರೆ ಹೊತ್ತು ಮುಳುಗುವಾಗ ವಾಪಸು. ಅಂಗಡಿಯಲ್ಲಿ ನಮ್ಮವರು ಒಬ್ಬರೇ.

ಕೆರೆಯಾಚೆಯ ಕೇರಿಯಲ್ಲಿ ವಾರಿಜಮ್ಮ ಎಂಬುವಳಿದ್ದಾಳೆ. ನಮ್ಮ ಹಳೆಯ ಗಿರಾಕಿ, ಬಾಯಿ ಮಾತ್ರ ನನ್ನದಕ್ಕಿಂತ ಜೋರು. ಹರಿಗೋಲು ಹತ್ತಿ ಅವಳ ಮನೆಗೂ ಹೋದೆ. ಮಗಳು ತುಂಬು ಬಸುರಿ, ಜಗುಲಿಯಲ್ಲಿ ಕಾಲು ಚಾಚಿ ಕೂತು ಮಾವಿನಕಾಯಿ ತಿನ್ನುತ್ತಿದ್ದಳು.

"ನಿಮ್ಮ ಕಲಾಯಿ ಬೇಕು ಕಣ್ರೀ, ನಿಮ್ಮ ಕರೆ ಬೇಡ," ಎಂದಳು ವಾರಿಜಮ್ಮ. "ಹೋದ ಸಲ ಗಂಡಿನ ಕಡೆಯವರು ಇವಳನ್ನ ನೋಡಕ್ಕೆ ಬಂದಿದ್ದಾಗ ಕಿವಿಯೊಳಗೆ 'ಕಿಲುಬು, ಕಿಲುಬು' ಅಂತ ಕೂಗಿದ್ರಿ. ನಾನು ಬೆಚ್ಚಿಬಿದ್ದು ಸಾರಿಗೆ ಎರಡು ಸಲ ಉಪ್ಪು ಹಾಕ್ದೆ. ಅವರು ಇವತ್ತಿಗೂ ಆಡ್ಕೋತಾರೆ."

"ಮದುವೆ ಆಯ್ತಲ್ಲ ವಾರಿಜಮ್ಮ, ಇನ್ನೇನು?" ಎಂದೆ.

"ಮದುವೆ ಆಯ್ತು, ಉಪ್ಪು ಮರೀಲಿಲ್ಲ. ಬೇಡ ಅಂದ್ರೆ ಬೇಡ. ಪಾತ್ರೆ ಮಾತ್ರ ನಾನೇ ತಂದು ಕೊಡ್ತೀನಿ. ಹುಣ್ಣಿಮೆ ದಿನ ಇವಳ ಸೀಮಂತ, ದೀಪ ಹಚ್ಚೋ ಹೊತ್ತಿಗೆ ಊಟ. ನೀವು ಬರಲೇಬೇಕು, ಹೇಳಿದೀನಿ."

ಕರೆ ಬೇಡ, ನೀನು ಬಾ ಎನ್ನುವುದು ಯಾವ ಸೀಮೆಯ ಮರ್ಯಾದೆ? ನನಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಹೋಗಬಾರದು ಎಂದು ಹರಿಗೋಲಿನಲ್ಲಿ ಕೂತೇ ತೀರ್ಮಾನ ಮಾಡಿದೆ.

ಹುಣ್ಣಿಮೆಯ ದಿನ ಹೂಂ ಕೇಳುವ ಸುತ್ತಾಟ ಮುಗಿದಿತ್ತು. ಮಧ್ಯಾಹ್ನ ಕಳೆದ ಮೇಲೆ ಅಂಗಡಿಯಲ್ಲಿ ಕೂತು ಸಾಮಾನು ಜೋಡಿಸುತ್ತಿದ್ದೆ. ಕಲಾಯಿಗೆ ಮುಂಚೆ ಪಾತ್ರೆಗೆ ತಿಕ್ಕುವ ನವಸಾಗರದ ಪುಡಿಯ ಡಬ್ಬಿಯ ಹಿಂದೆ ತವರದ ಹೊಸ ಕಡ್ಡಿಗಳಿದ್ದವು. ನಾನು ಊರು ಸುತ್ತುವಾಗ ಯಾರೋ ಹೊಸ ವ್ಯಾಪಾರಿ ಕೊಟ್ಟುಹೋಗಿದ್ದನಂತೆ. ಅಭ್ಯಾಸದಂತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದೆ.

ಒಳ್ಳೆಯ ತವರ ಬಗ್ಗಿಸಿದರೆ ಅಳುತ್ತದೆ. ಕರಕರ ಎಂದು ಸಣ್ಣಗೆ, ಹಲ್ಲು ಕಡಿದ ಹಾಗೆ. ಸೀಸ ಬೆರೆತ ತವರ ತೆಪ್ಪಗೆ ಬಗ್ಗುತ್ತದೆ. ನಮ್ಮ ಕಸುಬಿನಲ್ಲಿ ತವರ ಕೊಳ್ಳುವ ಮುನ್ನ ಮಾಡುವ ಪರೀಕ್ಷೆ ಇದೊಂದೇ, ಅಜ್ಜಂದಿರ ಕಾಲದಿಂದ ಬಂದದ್ದು. ಈ ಕಡ್ಡಿ ಅಳಲಿಲ್ಲ. ನನ್ನ ಕಿವಿಯೇ ಕೆಟ್ಟಿತೇ ಎಂದು ಹಳೆಯ ಚೂರೊಂದನ್ನು ಹುಡುಕಿ ಬಗ್ಗಿಸಿದೆ. ಅದು ಅತ್ತಿತು. ಹೊಸ ಕಡ್ಡಿಯನ್ನು ಸುಣ್ಣದ ಗೋಡೆಗೆ ಗೀರಿದೆ. ಸ್ಲೇಟಿನ ಮೇಲೆ ಬರೆದ ಹಾಗೆ ಬೂದುಗೆರೆ ಮೂಡಿತು. ಸೀಸವೇ.

ಕಡ್ಡಿಯನ್ನು ನಮ್ಮವರ ಮುಖದ ಮುಂದೆ ಹಿಡಿದು, ಬಗ್ಗಿಸಿ ನೋಡಿದಿರಾ ಎಂದು ಸನ್ನೆಯಲ್ಲಿ ಕೇಳಿದೆ. ಅವರು ತಲೆಯಾಡಿಸಿದರು. ಅತ್ತಿತಾ ಎಂದು ಕೇಳಿದೆ. ಅವರು ಮುಖ ಆಚೆ ತಿರುಗಿಸಿದರು. ನನಗೆ ಆಗ ಅರ್ಥವಾಯಿತು. ಎಷ್ಟೋ ಕಾಲದಿಂದ ಅವರಿಗೆ ತವರದ ಅಳು ಕೇಳಿಸುತ್ತಿರಲಿಲ್ಲ. ವ್ಯಾಪಾರಿಗಳ ಮುಂದೆ ಕಡ್ಡಿಯನ್ನು ಕಿವಿಗೆ ಹಿಡಿದು, ಬಗ್ಗಿಸಿ, ಕೇಳಿಸಿತು ಎನ್ನುವವರ ಹಾಗೆ ತಲೆಯಾಡಿಸುತ್ತಿದ್ದರು. ಪಕ್ಕದಲ್ಲಿ ನಾನಿರುತ್ತಿದ್ದೆನಾದ್ದರಿಂದ ಇಷ್ಟು ದಿನ ನಡೆದಿತ್ತು. ಕಾಯಿದೆಯ ಹೂಂ ಕೇಳಲು ನಾನು ಬೀದಿ ಪಾಲಾದಾಗ ಸಿಕ್ಕಿಬಿತ್ತು.

ಬೈಯಲು ಪುರುಸೊತ್ತಿರಲಿಲ್ಲ. ಇದರಲ್ಲಿ ಯಾವ ಯಾವ ಪಾತ್ರೆಗೆ ಕಲಾಯಿ ಹಾಕಿದಿರಿ ಎಂದು ಕೇಳಿದೆ. ಅವರು ಕೈಯಲ್ಲೇ ಪಾತ್ರೆಗಳ ಆಕಾರ ತೋರಿಸುತ್ತಾ, ಮನೆಗಳ ದಿಕ್ಕು ತೋರಿಸುತ್ತಾ ಹೋದರು. ಹೆಚ್ಚಿನವು ಇದೇ ಬೀದಿಯವು, ನಡೆದು ಹೋಗಿ ಎತ್ತಿಕೊಂಡು ಬರಬಹುದು. ಕೊನೆಗೆ ಎರಡೂ ತೋಳು ಬಳಸಿ ದೊಡ್ಡ ಕೊಳದಪ್ಪಲೆಯ ಸುತ್ತಳತೆ ತೋರಿಸಿ, ಕೆರೆಯಾಚೆಗೆ ಬೆರಳು ಮಾಡಿ, ಹೊಟ್ಟೆಯ ಮುಂದೆ ಕೈ ಉಬ್ಬಿಸಿದರು.

ವಾರಿಜಮ್ಮನ ಕೊಳದಪ್ಪಲೆ. ನೂರು ಜನಕ್ಕೆ ಹುಳಿ ಕುದಿಸುವ ಪಾತ್ರೆ. ಹುಣಸೆಹಣ್ಣು ಬಿದ್ದರೆ ಸೀಸ ಬಿಡುತ್ತದೆ. ದೊಡ್ಡವರು ಒಂದು ಊಟ ಉಂಡರೆ ಸಾಯುವುದಿಲ್ಲ, ನಿಜ. ಆದರೆ ಆ ವಿಷ ಮೊದಲು ಹುಡುಕಿಕೊಂಡು ಹೋಗುವುದು ಬಸುರಿಯ ಹೊಟ್ಟೆಯನ್ನು. ನಮ್ಮ ಕಸುಬಿನವರ ಮನೆಗಳಲ್ಲಿ ಅದನ್ನು ಕಣ್ಣಾರೆ ಕಂಡವರಿದ್ದಾರೆ. ನಮ್ಮತ್ತೆ ಎರಡು ಕೂಸು ಹಾಗೆ ಕಳೆದುಕೊಂಡವರು.

ಬೀದಿಯ ಪಾತ್ರೆ ತರಲು ನಮ್ಮವರನ್ನು ಓಡಿಸಿ ನಾನು ಕೆರೆಗೆ ಓಡಿದೆ. ಹರಿಗೋಲನ್ನು ಆಗಲೇ ದಡಕ್ಕೆಳೆದು ಬೋರಲು ಹಾಕಿದ್ದರು. ಗಾಳಿ ಏಳುವ ಹೊತ್ತಿಗೆ ಯಾರೂ ನೀರಿಗಿಳಿಯುವುದಿಲ್ಲ. ಏರಿ ಸುತ್ತಿಕೊಂಡು ಹೋದರೆ ನಾನು ತಲುಪುವಾಗ ಎಲೆ ಎತ್ತಿ ಕೈ ತೊಳೆದಿರುತ್ತಾರೆ. ನೀರಿನ ಮೇಲೆ ಆಗಲೇ ಸುಕ್ಕು ಏಳತೊಡಗಿತ್ತು.

ಕೋಡಿಗಲ್ಲಿನ ಪಕ್ಕ ಕರೆ ಇಲಾಖೆಯ ಇನ್ಸ್‌ಪೆಕ್ಟರ್ ಪದ್ಮರಾಜಯ್ಯ ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಗಾಳಿಯಲ್ಲಿ ಹೋಗುವ ಪ್ರತಿ ಮಾತನ್ನೂ ಕೇಳಲು ಕಿವಿಗೆ ಹಿತ್ತಾಳೆಯ ಆಲಿಕೆ ಹಿಡಿದಿದ್ದರು. ಒಳ್ಳೆಯ ಮನುಷ್ಯ. ಏದುಸಿರು ಬಿಡುತ್ತಾ ಎಲ್ಲ ಹೇಳಿದೆ. ಅವರು ಆಲಿಕೆ ಕೆಳಗಿಟ್ಟು ಕೇಳಿದರು.

"ಆಕೆ ಬೇಡ ಅಂದಿದ್ದಾರಾ?"

"ಅಂದಿದ್ದಾಳೆ ಸಾರ್. ಆದ್ರೆ ಇದು ವ್ಯಾಪಾರ ಅಲ್ಲವಲ್ಲ."

"ನೀವು ಹಾಕಿದ ಕಲಾಯಿ ವಿಷಯ ಅಂದ್ಮೇಲೆ ವ್ಯಾಪಾರವೇ, ಚನ್ನಾಜಮ್ಮ. ಮನೆಗೆ ಬೆಂಕಿ ಬಿದ್ದಿದೆ ಅಂತ ಹೆದರಿಸಿ ಸೀರೆ ಮಾರಿದವರು ನಿಮಗೂ ಗೊತ್ತು. ಅದಕ್ಕೇ ಅಪಾಯದ ಮಾತಿಗೂ ವಿನಾಯಿತಿ ಇಟ್ಟಿಲ್ಲ. ನೀವೊಂದು ಅರ್ಜಿ ಕೊಡಿ, ಮೇಲಿನ ಆಫೀಸಿಗೆ ಕಳಿಸ್ತೀನಿ."

"ಅರ್ಜಿ ಮೇಲೆ ಹೋಗಿ ಕೆಳಗೆ ಬರೋ ಹೊತ್ತಿಗೆ ಆ ಹುಡುಗಿ ಉಂಡು ಎದ್ದಿರ್ತಾಳೆ. ಹೋಗಲಿ, ನೀವೇ ಕರೀರಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಕಾಲರ್ ಕೆಳಗೆ ಮಾಡಿ ತೋರಿಸಿದರು. ಗಂಟಲಿನ ಮೇಲೆ ಕಂದು ಮುದ್ರೆ. ಇಲಾಖೆಗೆ ಸೇರುವ ದಿನವೇ ಒತ್ತುತ್ತಾರಂತೆ.

"ದಾರೀಲಿ ಹೋಗೋರು ಯಾರಾದ್ರೂ ಕರೆದ್ರೆ?"

"ನಿಮ್ಮ ಅಂಗಡಿ ಪರವಾಗಿ ಕರೆದ್ರೆ ಬಾಡಿಗೆ ಗಂಟಲು ಅಂತ ಅವರಿಗೂ ಮುದ್ರೆ. ಯಾಕಮ್ಮ ಬೇರೆಯವರನ್ನ ಸಿಕ್ಕಿಸ್ತೀರಿ?" ಎಂದರು. ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದರು. "ನಿಮ್ಮ ಯಜಮಾನ್ರಿಗೆ ಕಿವಿ ಕೇಳಲ್ಲ ಅಲ್ವಾ?"

ಗಾಳಿ ನನ್ನ ಸೆರಗನ್ನು ಎತ್ತಿತು. ಆಚೆ ದಡದಲ್ಲಿ ಒಂದೊಂದಾಗಿ ದೀಪ ಹೊತ್ತಿಕೊಳ್ಳುತ್ತಿದ್ದವು. ನಾನು ಕಲ್ಲು ಹತ್ತಿದೆ. ಹೇಡಿತನ ಎನ್ನಿ, ಏನು ಬೇಕಾದರೂ ಎನ್ನಿ, ವಾರಿಜಮ್ಮನ ಹೆಸರು ಬಾಯಿಗೆ ಬರಲಿಲ್ಲ. ಕಡ್ಡಿ ಬಗ್ಗಿಸಿ ಸುಳ್ಳೇ ತಲೆಯಾಡಿಸಿದ ಈ ಗಂಡಸಿಗೋಸ್ಕರ ನಾನೇಕೆ ಹೆದರಬೇಕು ಎಂದು ಸಿಟ್ಟು ಬಂತು. ಮರುಕ್ಷಣ ಅವರು ತಿದಿ ಬಿಟ್ಟು, ತಲೆ ವಾರೆ ಮಾಡಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು. ನಾನು ಈ ಮಾತು ಆಡಿದರೆ ನಾಳೆಯಿಂದ ಅವರು ಹಾಗೆ ಕೂತೇ ಇರಬೇಕಾಗುತ್ತದೆ.

ಇನ್ನೊಂದು ಯೋಚನೆಯೂ ಬಂತು. ಕಾಯಿದೆಯ ಪ್ರಕಾರ ಮೊದಲು ಅಂಗಡಿಯ ಹೆಸರು ಹೇಳಬೇಕು. ಹೇಳಿದ ತಕ್ಷಣ ವಾರಿಜಮ್ಮ ಬೇಡ ಎನ್ನುತ್ತಾಳೆ. ಆ ಬಾಯಿ ನನಗೆ ಗೊತ್ತಿಲ್ಲವೇ? ಮಾತು ಅಲ್ಲಿಗೇ ಬಿದ್ದುಹೋಗುತ್ತದೆ, ಹುಡುಗಿ ಹುಳಿ ಕಲಸುತ್ತಾಳೆ, ನನ್ನ ಗಂಟಲೂ ಹೋಗುತ್ತದೆ. ಕೆಡುವುದಾದರೆ ಪೂರ್ತಿ ಕೆಡೋಣ ಎಂದುಕೊಂಡು ಉಸಿರು ತುಂಬಿಕೊಂಡೆ.

"ವಾರಿಜಮ್ಮಾ, ಹುಳಿ ಚೆಲ್ಲಿ! ಕೊಳದಪ್ಪಲೇಲಿರೋ ಹುಳಿ ಯಾರೂ ಮುಟ್ಟಬೇಡಿ, ನಿಮ್ಮ ಮಗಳಂತೂ ಬಾಯಿಗೆ ಇಡಬಾರದು. ತವರದಲ್ಲಿ ಸೀಸ ಸೇರಿದೆ, ತಪ್ಪು ನಮ್ಮದು. ಹೇಳ್ತಿರೋಳು ಚನ್ನಾಜಿ. ಗವಿರಂಗಯ್ಯನ ಕಲಾಯಿ ಅಂಗಡಿ, ಹಳೇ ಸಂತೆಬೀದಿ, ಬೇವಿನ ಮರದ ಎದುರು. ಬೇಡ ಅನ್ನಿಸಿದರೆ ಬೇಡ ಅನ್ನಿ."

ಪದ್ಮರಾಜಯ್ಯ ಆಲಿಕೆ ಇಳಿಸಿದರು. ಚೀಲದೊಳಗೆ ಕೈ ಹಾಕಿ ಮುದ್ರೆ ಹುಡುಕತೊಡಗಿದರು. ಚೀಲವೇನು ದೊಡ್ಡದಿರಲಿಲ್ಲ. ಅವರು ನನಗೆ ಬೆನ್ನು ತಿರುಗಿಸಿ, ಮುದ್ರೆಯ ಬಟ್ಟೆಗಂಟನ್ನು ಬಿಚ್ಚುತ್ತಾ, ಮತ್ತೆ ಕಟ್ಟುತ್ತಾ, "ಮನೆಯವರಿಗೆ ಏನಾದ್ರೂ ಹೇಳೋದಿದ್ರೆ ಹೇಳ್ಕೊಳ್ಳಿ, ಈ ಗಂಟು ಬಿಗಿಯಾಗಿದೆ," ಎಂದರು.

ಹೇಳಬಹುದಿತ್ತು. ಆದರೆ ನನ್ನ ಕಿವಿಯೆಲ್ಲ ಆಚೆ ದಡದ ಕಡೆಗಿತ್ತು. ವಾರಿಜಮ್ಮ ಬೇಡ ಎಂದಿದ್ದರೆ ಮಾತು ಎಲ್ಲಿಗೆ ತುಂಡಾಯಿತು? ಚೆಲ್ಲಿ ಎನ್ನುವುದಕ್ಕೆ ಮುಂಚೆಯೋ, ಆಮೇಲೋ? ನಾನು ಕೂಗಿದರೆ ಆ ಬೇಡ ಬಂದದ್ದು ನನಗೆ ತಿಳಿಯದೆ ಹೋದೀತು ಎಂದು ಬಾಯಿ ಬಿಗಿಹಿಡಿದು ನಿಂತೆ. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಬೇಡ ಬರಲಿಲ್ಲ. ಕಾಯುತ್ತಾ ನಿಂತಿರುವಾಗಲೇ ಸೆರಗು ಮೈಗೆ ಅಂಟಿತು, ನೀರಿನ ಸುಕ್ಕು ಬಿಚ್ಚಿತು, ಗಾಳಿ ಸತ್ತಿತು. ಆಗಷ್ಟೇ ನಮ್ಮವರ ಹೆಸರು ನೆನಪಾಯಿತು. ಮುದ್ರೆ ಗಂಟಲಿಗೆ ತಣ್ಣಗೆ ತಾಗಿತು. ನೋವೇನೂ ಆಗಲಿಲ್ಲ. ನಾನು ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಅಂಗಡಿಗೆ ಬಂದರೆ ನಮ್ಮವರು ಬೀದಿಯ ಪಾತ್ರೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಬೆಂಕಿ ಆರಿಸದೆ, ಕೆರೆಯ ಕಡೆ ತಲೆ ವಾರೆ ಮಾಡಿಕೊಂಡೇ ಕೂತಿದ್ದರು. ನನ್ನನ್ನು ನೋಡಿ, "ಇವತ್ತು ಕರೀಲೇ ಇಲ್ಲ. ಸಿಟ್ಟಾ?" ಎಂದರು. ಕಿವಿ ಹೋದವರ ದನಿ ಎಷ್ಟು ಜೋರೋ ಅಷ್ಟೇ ಮೊಂಡು. ನಾನು ಸೆರಗು ಸರಿಸಿ ಗಂಟಲು ತೋರಿಸಿದೆ. ಅವರು ಕುಲುಮೆಯ ಬೆಳಕಿನಲ್ಲಿ ಮುದ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಎದ್ದು ಒಳಗೆ ಹೋದರು. ಊಟಕ್ಕೆ ಬರಲಿಲ್ಲ.

ಬೆಳಿಗ್ಗೆ ಮೊದಲ ಹರಿಗೋಲಿಗೇ ವಾರಿಜಮ್ಮ ಬಂದಳು. ಕೊಳದಪ್ಪಲೆಯನ್ನು ಅಂಗಡಿಯ ಮುಂದೆ ದೊಪ್ಪನೆ ಇಳಿಸಿದಳು. ಒಳಗೆಲ್ಲ ಬೂದುಬೂದಾಗಿ ಕಲೆ ಕಟ್ಟಿತ್ತು.

"ಎಲೆ ಹಾಕಿ ಆಗಿತ್ತು ಕಣ್ರೀ," ಎಂದಳು. "ಇವಳು ಮೊದಲನೇ ಪಂಕ್ತೀಲೇ ಕೂತಿದ್ಲು, ಸೌಟು ನನ್ನ ಕೈಲಿತ್ತು. ನಿಮ್ಮ ದನಿ ಕೇಳ್ತಿದ್ದಂಗೇ ಬೇಡ ಅನ್ನಕ್ಕೆ ಬಾಯಿ ತೆಗ್ದೆ. ಚೆಲ್ಲಿ ಅಂದಿದ್ದು ಕೇಳಿ ಬಾಯಿ ಹಂಗೇ ನಿಂತೋಯ್ತು. ಒಂದು ಸೌಟೂ ಬಡಿಸಲಿಲ್ಲ. ಬೀಗರೆಲ್ಲ ಬರೀ ಮಜ್ಜಿಗೆ ಅನ್ನ ಉಂಡು ಎದ್ದೋದ್ರು. ಇನ್ನು ಅದನ್ನೂ ಆಡ್ಕೋತಾರೆ, ಆಡ್ಕೊಳ್ಳಲಿ." ಆಮೇಲೆ ನನ್ನ ಗಂಟಲು ನೋಡಿದಳು. ನೇರ ಕೋಡಿಗಲ್ಲಿಗೆ ಹೋಗಿ ಪದ್ಮರಾಜಯ್ಯನವರ ಸ್ಟೂಲಿನ ಮುಂದೆ ಗಲಾಟೆ ಮಾಡಿದಳಂತೆ. ನಾನು ದೂರೇ ಕೊಟ್ಟಿಲ್ಲ, ಮುದ್ರೆ ಅಳಿಸಿ ಎಂದಳಂತೆ. ಒತ್ತಿದ ಮುದ್ರೆ ಅಳಿಸುವುದಕ್ಕೆ ಕಾಯಿದೆಯಲ್ಲಿ ಜಾಗವಿಲ್ಲ ಎಂದರಂತೆ ಅವರು.

ಆ ದಿನ ನಮ್ಮವರು ಹಾಳು ಕಲಾಯಿಯನ್ನೆಲ್ಲ ಕೆರೆದು ತೆಗೆದು, ಹಳೆಯ ತವರ ಹುಡುಕಿ ತಂದು, ಕಡ್ಡಿ ಕಡ್ಡಿಯನ್ನೂ ನನ್ನ ಕಿವಿಗೆ ಹಿಡಿದು ಬಗ್ಗಿಸಿ, ನಾನು ತಲೆಯಾಡಿಸಿದ ಮೇಲೆಯೇ ಕುಲುಮೆಗಿಟ್ಟರು. ಸಂಜೆ ಹೊತ್ತಿಗೆ ಹೇಳದೆ ಕೇಳದೆ ಎದ್ದು ಹೋದರು. ಹೋಗಲಿ, ಎಲ್ಲಿಯಾದರೂ ಕೂತು ಬರಲಿ ಎಂದು ನಾನು ಮನೆಗೆ ಹೋಗಿ ಅನ್ನಕ್ಕಿಟ್ಟೆ.

ಅಕ್ಕಿ ಕುದಿಯುತ್ತಿರುವಾಗ ಕಿವಿಯೊಳಗೆ ಮೊಂಡು ದನಿಯೊಂದು ಕೆಮ್ಮಿ ಗಂಟಲು ಸರಿಮಾಡಿಕೊಂಡಿತು.

"ಚನ್ನಾಜೀ," ಎಂದಿತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಕೋಡಿಗಲ್ಲು ಹತ್ತಿದವರಲ್ಲ. "ಗವಿರಂಗಯ್ಯನ ಕಲಾಯಿ ಅಂಗಡಿ, ಹಳೇ ಸಂತೆಬೀದಿ, ಬೇವಿನ ಮರದ ಎದುರು. ಬೆಂಕಿ ಆರ್ಸಿ ಬಂದಿದೀನಿ. ತವರ ಅಳೋದು ನಂಗೆ ಕೇಳ್ತಿರಲಿಲ್ಲ ಚನ್ನಾಜಿ, ನಿಂಗೆ ಹೇಳಕ್ಕೆ ನಾಚ್ಕೆ ಆಯ್ತು. ಇನ್ಮೇಲೆ ನಾನೇ ಬಂದು ಕರೀತೀನಿ, ಗಿರಾಕಿಗಳನ್ನೂ, ನಿನ್ನನ್ನೂ. ದಿನಾ ಕರೀತೀನಿ." ಕಾಯಿದೆಯ ಕೊನೆಯ ಮಾತು ಮರೆತರೇನೋ ಎಂದುಕೊಂಡೆ. ಮರೆತಿರಲಿಲ್ಲ. "ಬೇಡ ಅನ್ನಿಸಿದರೆ ಬೇಡ ಅನ್ನು."

ಅನ್ನ ಉಕ್ಕಿ ಒಲೆಗೆ ಸುರಿಯುತ್ತಿತ್ತು. ನಾನು ಏಳಲಿಲ್ಲ. ನನ್ನ ಬಾಯಿಂದ ಹೊರಟು ಅವರ ಕಿವಿ ಮುಟ್ಟಬಲ್ಲ ಮಾತು ಇನ್ನು ಅದೊಂದೇ ಉಳಿದಿತ್ತು. ನನ್ನ ದನಿ ಅವರು ಇನ್ನೊಂದು ಸಲ ಕೇಳಬೇಕೆಂದರೆ ಅದನ್ನೇ ಹೇಳಬೇಕು, ಹೇಳಿದರೆ ಅವರು ಮತ್ತೆಂದೂ ನನ್ನನ್ನು ಕರೆಯುವ ಹಾಗಿಲ್ಲ. ಅಲ್ಲಿ ಕಲ್ಲಿನ ಮೇಲೆ ಅವರು ತಲೆ ವಾರೆ ಮಾಡಿಕೊಂಡು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಗಾಳಿ ಪೂರ್ತಿ ನಿಲ್ಲುವ ತನಕ ತೆಗೆಯಲಿಲ್ಲ.